ಸಂಬಳ ಕೇಳುವ ಮೊದಲು ಹಾಸಿಗೆ ಎಷ್ಟೆಂದು ಕೇಳಿ

ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನೀವು ಹದಿನಾರು ಸಾವಿರಕ್ಕೆ ದುಡಿಯುತ್ತಿದ್ದೀರಿ ಎಂದುಕೊಳ್ಳಿ. ಜೊತೆಗೆ ಓದಿದವಳು ಬೆಂಗಳೂರಿನಿಂದ ಫೋನ್ ಮಾಡಿ, 'ಇಲ್ಲಿ ಇಪ್ಪತ್ನಾಲ್ಕು ಕೊಡ್ತಾರೆ, ಬಂದ್ಬಿಡೇ' ಅನ್ನುತ್ತಾಳೆ. ಮನೆಯಲ್ಲಿ ಅಣ್ಣನದು ಬೇರೆ ರಾಗ: 'ಇನ್ನೆರಡು ವರ್ಷ ಓದಿ ಡಿಗ್ರಿ ಮಾಡ್ಕೊ, ಗೌರ್ಮೆಂಟ್ ಕೆಲಸ ಆಗುತ್ತೆ.' ವಾಟ್ಸಾಪಿನಲ್ಲಿ ಜರ್ಮನಿಯ ಜಾಹೀರಾತು ಓಡಾಡುತ್ತಿದೆ. ಹಾಸನದ ಗುತ್ತಿಗೆ ಹುದ್ದೆಗೆ ಅರ್ಜಿ ಹಾಕಲು ನಾಳೆಯೇ ಕಡೇ ದಿನ. ನಾಲ್ಕೂ ಒಳ್ಳೆಯ ಮಾತೇ. ಆದರೆ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಆಮೇಲೆ ಎಂದು ಹೇಳುವವರು ಸಿಗುವುದಿಲ್ಲ.

ಈ ಲೇಖನ ಜಿಎನ್‌ಎಂ ಅಥವಾ ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿ, ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಕೆಲಸ ಮಾಡುತ್ತಿರುವ ಅಥವಾ ಹುಡುಕುತ್ತಿರುವ ದಾದಿಯರಿಗಾಗಿ. ಗಂಡುಮಕ್ಕಳೂ ಈ ಕೆಲಸದಲ್ಲಿದ್ದಾರೆ. ಅವರಿಗೆ ಲೆಕ್ಕ ಬದಲಾಗುವ ಕಡೆ ಅದನ್ನೂ ಹೇಳಿದ್ದೇನೆ.

ಹಿನ್ನೆಲೆ ಒಂದೆರಡು ಮಾತಿನಲ್ಲಿ. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ 1947ರದು, ನಮ್ಮ ರಾಜ್ಯದ ನೋಂದಣಿ ಕಾಯಿದೆ 1961ರದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಹೊಸ ಕಾಯಿದೆ ಮಾಡಿದೆ. ಹಾಸನದಲ್ಲಿ 2006ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಹಿಮ್ಸ್, ಶುರುವಾದ ಮೇಲೆ ಜಿಲ್ಲೆಯೊಳಗೇ ದೊಡ್ಡ ಆಸ್ಪತ್ರೆಯ ಅನುಭವ ಸಿಗುವಂತಾಯಿತು. ಮುಂದಿನ ಮಾತಿಗೆ ಇಷ್ಟು ಸಾಕು.

ತಿಂಗಳ ಸಂಬಳದ ಅಂಕಿ ಏಕೆ ದಾರಿ ತಪ್ಪಿಸುತ್ತದೆ

ಹದಿನಾರು ಸಾವಿರಕ್ಕಿಂತ ಇಪ್ಪತ್ನಾಲ್ಕು ಸಾವಿರ ದೊಡ್ಡದು. ಆದರೆ ಅರಸೀಕೆರೆಯಲ್ಲಿ ನಿಮ್ಮದು ಎಂಟು ಗಂಟೆಯ ಡ್ಯೂಟಿ, ಬೆಂಗಳೂರಿನಲ್ಲಿ ಹನ್ನೆರಡು ಗಂಟೆಯದು ಎಂದಾದರೆ? ತಿಂಗಳಿಗೆ 26 ದಿನದಂತೆ ಇಲ್ಲಿ 208 ಗಂಟೆ, ಅಲ್ಲಿ 312 ಗಂಟೆ. ಭಾಗಿಸಿ ನೋಡಿ: 16,000ವನ್ನು 208ರಿಂದ ಭಾಗಿಸಿದರೆ ಗಂಟೆಗೆ ಸುಮಾರು 77 ರೂಪಾಯಿ. 24,000ವನ್ನು 312ರಿಂದ ಭಾಗಿಸಿದರೂ ಅದೇ 77. ದರ ಒಂದು ರೂಪಾಯಿಯೂ ಏರಿಲ್ಲ, ದುಡಿಯುವ ಹೊತ್ತು ಮಾತ್ರ ಏರಿದೆ. ಅದರ ಮೇಲೆ ಪಿಜಿ ಬಾಡಿಗೆ, ಊಟ, ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ಖರ್ಚು.

ಹಾಗಂತ ಬೆಂಗಳೂರಿಗೆ ಹೋಗಲೇಬೇಡಿ ಎನ್ನುತ್ತಿಲ್ಲ. ಹೋಗುವುದಾದರೆ ಸಂಬಳಕ್ಕಾಗಿ ಅಲ್ಲ, ಅಲ್ಲಿ ಸಿಗುವ ಅನುಭವಕ್ಕಾಗಿ ಹೋಗಿ. ಅದರ ಲೆಕ್ಕ ಮುಂದೆ ಬರುತ್ತದೆ.

ಇನ್ನೊಂದು ಮರೆ 'ಸಿಟಿಸಿ' ಎನ್ನುವ ಅಂಕಿ. ಸಂದರ್ಶನದಲ್ಲಿ 'ಇಪ್ಪತ್ತು ಸಾವಿರದ ಹತ್ತಿರ ಹತ್ತಿರ' ಅಂದರೆ ಅದು ಕೈಗೆ ಬರುವ ಹಣವಲ್ಲ. ಒಟ್ಟು ಸಂಬಳ 17,500, ಅದರಲ್ಲಿ ಪಿಎಫ್ ಲೆಕ್ಕಕ್ಕೆ ಬರುವುದು 15,000 ಎಂದಿಟ್ಟುಕೊಳ್ಳಿ. ಆಸ್ಪತ್ರೆ ಕಟ್ಟುವ ಪಿಎಫ್ ಶೇ 12 ಅಂದರೆ 1,800. ಇಎಸ್‌ಐಗೆ ಶೇ 3.25ರಂತೆ ಸುಮಾರು 570. ಇವನ್ನೂ ನಿಮ್ಮ ಸಂಬಳವೆಂದೇ ಕೂಡಿಸಿ 19,870 ಎಂದು ತೋರಿಸುತ್ತಾರೆ. ನಿಮ್ಮ ಪಾಲಿನ ಪಿಎಫ್ 1,800, ಇಎಸ್‌ಐ ಶೇ 0.75ರಂತೆ ಸುಮಾರು 130 ಕಳೆದು ಬ್ಯಾಂಕ್ ಖಾತೆಗೆ ಬರುವುದು 15,570ರ ಸುಮಾರು. ಇದು ಮೋಸವೇನಲ್ಲ, ಪಿಎಫ್ ನಿಮ್ಮದೇ ದುಡ್ಡು. ಆದರೆ ಎರಡು ಕೆಲಸವನ್ನು ಹೋಲಿಸುವಾಗ ಒಂದರ ಸಿಟಿಸಿಯನ್ನು ಇನ್ನೊಂದರ ಕೈಸಂಬಳದ ಪಕ್ಕ ಇಟ್ಟು ನೋಡಬಾರದು.

ಹಾಸನಕ್ಕೆ ದಿನಾ ಓಡಾಡುವ ಆಲೋಚನೆ ಇದ್ದರೆ ದಾರಿಯ ಹೊತ್ತನ್ನೂ ಡ್ಯೂಟಿಗೆ ಸೇರಿಸಿ. ಅರಸೀಕೆರೆಯಿಂದಾಗಲಿ ಬೇಲೂರಿನಿಂದಾಗಲಿ ಹಾಸನ ಸುಮಾರು 40 ಕಿಲೋಮೀಟರ್; ಮನೆಯಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ದಿನಕ್ಕೆ ಮೂರು ಗಂಟೆ ಸುಲಭವಾಗಿ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಾಸನದ ಕೆಲಸದ ಲೆಕ್ಕವನ್ನು ಇದು ನಿಜಕ್ಕೂ ಬದಲಿಸಿತು. ಗಂಡಸರಿಗೆ ಈ ಅನುಕೂಲವಿಲ್ಲ. ಅರಸೀಕೆರೆಯವರಾದರೆ ರೈಲಿನ ಮಾಸಿಕ ಪಾಸು ಅಗ್ಗ. ಇಬ್ಬರೂ ನೋಡಬೇಕಾದ್ದು ರಾತ್ರಿಯ ಬಸ್ಸು. ಹಲವು ಆಸ್ಪತ್ರೆಗಳಲ್ಲಿ ಮಧ್ಯಾಹ್ನದ ಪಾಳಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಎಂಟರ ಮೇಲೆ ಹಳೇಬೀಡಿನ ಕಡೆಗೆ, ಅಲ್ಲಿಂದ ನಿಮ್ಮ ಹಳ್ಳಿಗೆ ಹೇಗೆ ಹೋಗುತ್ತೀರಿ ಎಂಬುದು ಸೇರುವ ಮೊದಲೇ ತೀರ್ಮಾನವಾಗಬೇಕು. ಕೆಲಸ ಬಿಡಿಸುವುದು ಎಷ್ಟೋ ಸಲ ಸಂಬಳವಲ್ಲ, ಈ ಕಡೇ ಬಸ್ಸು.

ಹಾಸಿಗೆಯ ಸಂಖ್ಯೆ ಎಲ್ಲೆಲ್ಲಿ ಬರುತ್ತದೆ

ನರ್ಸ್ ಕೆಲಸದಲ್ಲಿ ಹೆಚ್ಚು ಜನ ಕೇಳದ, ಆದರೆ ಎಲ್ಲಕ್ಕಿಂತ ದೂರ ಹೋಗುವ ಅಂಕಿ ಎಂದರೆ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ. ಅದು ಮೂರು ಕಡೆ ನಿಮ್ಮ ಭವಿಷ್ಯವನ್ನು ಮುಟ್ಟುತ್ತದೆ.

ಮೊದಲನೆಯದು ಸಂಬಳದ ಅಳತೆಗೋಲು. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ನೀಡಿದ ಆದೇಶದ ಮೇರೆಗೆ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಸಮಿತಿ ಮಾಡಿತು. ಆ ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ದಾದಿಯರಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು, 50ರಿಂದ 100 ಇದ್ದರೆ ಶೇ 25ರಷ್ಟು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000ಕ್ಕಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು, ಇದನ್ನು ತೋರಿಸಿ 'ಕಾನೂನು ಕೊಡಿ ಅನ್ನುತ್ತೆ' ಎಂದು ವಾದಿಸಲು ಬರುವುದಿಲ್ಲ. ಆದರೆ ಮಾತುಕತೆಯಲ್ಲಿ ಹಿಡಿದು ನಿಲ್ಲಲು ಒಂದು ಅಂಕಿ ಇದೆ. ಅರಸೀಕೆರೆ, ಬೇಲೂರಿನ ಹೆಚ್ಚಿನ ನರ್ಸಿಂಗ್ ಹೋಮುಗಳು 50ರೊಳಗಿನವು. ಅಲ್ಲಿಯೂ ಸಮಿತಿ ಸೂಚಿಸಿದ್ದು ಇಪ್ಪತ್ತು ಸಾವಿರ, ಅದೂ 2016ರ ಬೆಲೆಯಲ್ಲಿ!

ಎರಡನೆಯದು ಸರ್ಕಾರಿ ಪರೀಕ್ಷೆಯ ಅರ್ಹತೆ. ಏಮ್ಸ್ ಆಸ್ಪತ್ರೆಗಳಿಗೆ ದಾದಿಯರನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಆದವರು ಅನುಭವವಿಲ್ಲದೆಯೂ ಕೂರಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಇಪ್ಪತ್ತು ಹಾಸಿಗೆಯ ಜಾಗದಲ್ಲಿ ಐದು ವರ್ಷ ಬೆನ್ನು ಮುರಿದು ದುಡಿದಿದ್ದರೂ ಈ ಬಾಗಿಲು ತೆರೆಯುವುದಿಲ್ಲ. ಅಲ್ಲಿನ ಮೂಲ ವೇತನ 7ನೇ ಹಂತದ್ದು, 44,900 ರೂಪಾಯಿಯಿಂದ ಶುರು. ತುಟ್ಟಿಭತ್ಯೆ, ದಾದಿಯರ ವಿಶೇಷ ಭತ್ಯೆ ಬೇರೆ. ಇಷ್ಟು ದೊಡ್ಡ ವ್ಯತ್ಯಾಸ ಹಾಸಿಗೆಯ ಒಂದು ಅಂಕಿಯ ಮೇಲೆ ನಿಂತಿದೆ.

ಮೂರನೆಯದು ವಿದೇಶ. ಗಲ್ಫ್ ದೇಶಗಳ ಪರವಾನಗಿಗೆ ಅರ್ಜಿ ಹಾಕಿದಾಗ ನಿಮ್ಮ ಅನುಭವ ಪತ್ರವನ್ನು ಕೊಟ್ಟ ಆಸ್ಪತ್ರೆಗೇ ಪತ್ರ ಬರೆದು, ನಿಜವೇ ಎಂದು ಕೇಳಿ ಪರಿಶೀಲಿಸುತ್ತಾರೆ. ಹಾಸಿಗೆ ಕಡಿಮೆಯಿದ್ದು, ಇಮೇಲಿಗೆ ಉತ್ತರ ಕೊಡುವ ಕಚೇರಿಯೇ ಇಲ್ಲದ ಸಣ್ಣ ಆಸ್ಪತ್ರೆಯ ಪತ್ರ ಅಲ್ಲಿ ಕಾಗದವಾಗಿಯೇ ಉಳಿಯುತ್ತದೆ.

ಹಾಸಿಗೆ ಎಷ್ಟೆಂದು ತಿಳಿಯುವುದು ಕಷ್ಟವಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಪ್ರತಿ ಆಸ್ಪತ್ರೆಯೂ ನೋಂದಣಿ ಮಾಡಿಸಿ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. ಕೆಪಿಎಂಇ ಪ್ರಮಾಣಪತ್ರ ಎಂದರೆ ಎಲ್ಲರಿಗೂ ಗೊತ್ತು. ಸಂದರ್ಶನಕ್ಕೆ ಹೋದಾಗ ಸ್ವಾಗತದ ಮೇಜಿನ ಹಿಂದಿನ ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿ.

ತೀರ್ಮಾನಕ್ಕೆ ಬರುವ ಕ್ರಮ

1. ಬಾಗಿಲನ್ನು ಮೊದಲು ಆರಿಸಿ. ಐದು ವರ್ಷದ ಮೇಲೆ ನೀವು ಎಲ್ಲಿರಬೇಕು? ರಾಜ್ಯ ಸರ್ಕಾರದ ಶುಶ್ರೂಷಾಧಿಕಾರಿ, ಕೇಂದ್ರ ಅಥವಾ ರೈಲ್ವೆ, ವಿದೇಶ, ಪಾಠ ಹೇಳುವುದು, ಇಲ್ಲವೇ ಊರಿನಲ್ಲೇ ಮನೆ ಮಕ್ಕಳ ಜೊತೆ ನೆಮ್ಮದಿಯ ಕೆಲಸ. ಕಡೆಯದು ಉಳಿದವಕ್ಕಿಂತ ಕೀಳೇನಲ್ಲ. ತೆಂಗಿನ ತೋಟ ನೋಡಿಕೊಳ್ಳುವ ಅತ್ತೆ ಮಾವನ ಜೊತೆ ಬಾಣಾವರದಲ್ಲಿದ್ದು, ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವುದು ಕೆಲವರಿಗೆ ಲೆಕ್ಕದಲ್ಲೂ ಸರಿಯಾಗಿ ಕೂರುತ್ತದೆ.

2. ಆ ಬಾಗಿಲಿನ ವಯಸ್ಸಿನ ಮಿತಿ ಬರೆದಿಡಿ. ನಾರ್ಸೆಟ್‌ಗೆ ಸಾಮಾನ್ಯ ವರ್ಗದವರಿಗೆ 30, ಹಿಂದುಳಿದ ವರ್ಗಕ್ಕೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ರಾಜ್ಯ ಸರ್ಕಾರದ ಹುದ್ದೆಗಳಿಗೆ ಸಾಮಾನ್ಯವಾಗಿ ಇದೇ ಕ್ರಮದಲ್ಲಿ 35, 38, 40. ಆಗಾಗ ಸರ್ಕಾರ ಸಡಿಲಿಸುವುದೂ ಉಂಟು. ರೈಲ್ವೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗೆ ಮಿತಿ 40ರ ಆಸುಪಾಸು. ಮೊದಲು ಮುಚ್ಚುವ ಬಾಗಿಲನ್ನು ಮೊದಲು ತಟ್ಟಿ.

3. ಅಲ್ಲಿಗೆ ಬೇಕಾದ ಕಾಗದ ಯಾವುದು, ಅನುಭವ ಎಷ್ಟು ಎಂದು ಹಿಂದಿನ ಅಧಿಸೂಚನೆ ತೆಗೆದು ಓದಿ. ಯಾರೋ ಹೇಳಿದ್ದಲ್ಲ, ಅಧಿಸೂಚನೆಯನ್ನೇ. ಅದರಲ್ಲಿ ಕೇಳದ ಪದವಿಗೆ ಎರಡು ವರ್ಷ ಕೊಡಬೇಡಿ.

4. ಈಗಿನ ಕೆಲಸ ಆ ಅನುಭವವನ್ನು ಕೊಡುತ್ತಿದೆಯೇ? ಕೊಡದಿದ್ದರೆ ಬದಲಿಸಿ, ಸಂಬಳ ಅಷ್ಟೇ ಇದ್ದರೂ ಬದಲಿಸಿ. ಇಲ್ಲಿ ಬೆಂಗಳೂರು, ಮೈಸೂರು, ಹಾಸನದ ದೊಡ್ಡ ಆಸ್ಪತ್ರೆಗೆ ಹೋಗುವುದಕ್ಕೆ ಅರ್ಥ ಬರುತ್ತದೆ. ಜನರಲ್ ವಾರ್ಡಿಗಿಂತ ಐಸಿಯು, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ನವಜಾತ ಶಿಶು ಘಟಕದ ಅನುಭವ ಮುಂದೆ ಹೆಚ್ಚು ಬೆಲೆ ತರುತ್ತದೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕಲಿಯುವುದೂ ಕಡಿಮೆಯದಲ್ಲ.

5. ಗಂಟೆಯ ದರ, ಕೈಸಂಬಳ, ದಾರಿಯ ಹೊತ್ತು ಕಡೆಗೆ. ಎರಡು ಕೆಲಸ ಒಂದೇ ಬಾಗಿಲಿಗೆ ಕರೆದೊಯ್ಯುವುದಾದರೆ ಆಗ ಸಂಬಳ ನೋಡಿ ಆರಿಸಿ.

ಓದಿಗೆ ಹೋಗುವ ಮೊದಲು

ಜಿಎನ್‌ಎಂ ಈಗ ಮೂರು ವರ್ಷ, ಬಿ.ಎಸ್ಸಿ ನಾಲ್ಕು. ಜಿಎನ್‌ಎಂ ಆದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಲು ಎರಡು ವರ್ಷ, ಎಂ.ಎಸ್ಸಿ ಅದರ ಮೇಲೆ ಇನ್ನೆರಡು, ಅದಕ್ಕೆ ಒಂದು ವರ್ಷದ ಅನುಭವವೂ ಬೇಕು. ಇವುಗಳ ಜೊತೆಗೆ ಹೆಚ್ಚು ಮಂದಿಗೆ ಗೊತ್ತಿಲ್ಲದ ಮೂರು ದಾರಿಗಳಿವೆ. ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ: ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು ಹೀಗೆ ಒಂದೊಂದು ವಿಭಾಗದಲ್ಲಿ, ಮಾನಸಿಕ ಆರೋಗ್ಯದ್ದು ನಿಮ್ಹಾನ್ಸಿನಲ್ಲಿ. ಬಿ.ಎಸ್ಸಿ ಆದವರಿಗೆ ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ. ಮತ್ತೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫರಿ.

ಪೋಸ್ಟ್ ಬೇಸಿಕ್‌ನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ. ನಿಮ್ಮ ಸಂಬಳ 18,000 ಎಂದುಕೊಳ್ಳೋಣ. ಎರಡು ವರ್ಷ ಕೆಲಸ ಬಿಟ್ಟರೆ 4,32,000 ಬಾರದೆ ಹೋಯಿತು. ಶುಲ್ಕ, ಹಾಸ್ಟೆಲ್ ಸೇರಿ ಎರಡು ಲಕ್ಷ ಎಂದರೆ ಒಟ್ಟು 6,32,000. ಮುಗಿಸಿ ಬಂದ ಮೇಲೆ ಅದೇ ಮಟ್ಟದ ಖಾಸಗಿ ಆಸ್ಪತ್ರೆಯಲ್ಲಿ 5,000 ಹೆಚ್ಚು ಸಿಕ್ಕರೆ, ಹಾಕಿದ್ದು ತಿರುಗಿ ಬರಲು ಹತ್ತೂವರೆ ವರ್ಷ ಬೇಕು. ಅದೇ ಪದವಿಯಿಂದ 15,000 ಹೆಚ್ಚಿನ ಕೆಲಸದ ಬಾಗಿಲು ತೆರೆದರೆ ಮೂರೂವರೆ ವರ್ಷ. ಪದವಿ ಒಂದೇ, ಖರ್ಚೂ ಒಂದೇ. ಮುಂದಿನ ಹೆಜ್ಜೆ ಗೊತ್ತಿದ್ದವರಿಗೆ ಅದು ಲಾಭ, ಗೊತ್ತಿಲ್ಲದವರಿಗೆ ಸಾಲ.

ಅನುಭವದ ಷರತ್ತು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. 27 ವರ್ಷದ ಸಾಮಾನ್ಯ ವರ್ಗದ ಜಿಎನ್‌ಎಂ ಒಬ್ಬರ ಗುರಿ ಏಮ್ಸ್ ಎಂದಿರಲಿ. ಪೋಸ್ಟ್ ಬೇಸಿಕ್ ಮುಗಿಸುವ ಹೊತ್ತಿಗೆ 29 ದಾಟುತ್ತದೆ, ಪರೀಕ್ಷೆ ಬರೆಯಲು ಉಳಿಯುವುದು ಒಂದೋ ಎರಡೋ ಅವಕಾಶ. ಅದೇ ಎರಡು ವರ್ಷವನ್ನು 50 ಹಾಸಿಗೆಯ ಆಸ್ಪತ್ರೆಯಲ್ಲಿ ಸಂಬಳ ತೆಗೆದುಕೊಂಡು ಕಳೆದರೂ ಅಷ್ಟೇ ಅರ್ಹತೆ ಬರುತ್ತದೆ, ಒಂದು ರೂಪಾಯಿ ಶುಲ್ಕವಿಲ್ಲದೆ. ಆ ಅನುಭವ ಆಗಲೇ ಇದ್ದರೆ ಈ ಬಾರಿಯೇ ಅರ್ಜಿ ಹಾಕಬಹುದು.

ಎಂ.ಎಸ್ಸಿ ಬಗ್ಗೆ ನನ್ನ ಅಭಿಪ್ರಾಯ ನೇರ: ಪಾಠ ಮಾಡುವ ಆಸೆ ಇದ್ದರೆ ಮಾತ್ರ ಮಾಡಿ. ವಾರ್ಡಿನಲ್ಲೇ ಮುಂದುವರಿಯುವವರಿಗೆ ಖಾಸಗಿ ಆಸ್ಪತ್ರೆಗಳು ಆ ಪದವಿಗೆಂದು ಕೊಡುವ ಹೆಚ್ಚುವರಿ ಹಣ ಅಷ್ಟಕ್ಕಷ್ಟೇ. ಒಂದು ವರ್ಷದ ವಿಶೇಷ ಡಿಪ್ಲೊಮಾ ಅವರಿಗೆ ಹೆಚ್ಚು ಉಪಯೋಗ.

ಜಿಎನ್‌ಎಂ ಕೋರ್ಸನ್ನೇ ನಿಲ್ಲಿಸುತ್ತಾರೆ ಎಂಬ ಸುದ್ದಿ ವರ್ಷಗಳಿಂದ ಹರಿದಾಡುತ್ತಿದೆ. ಅದರಿಂದ ಗಾಬರಿಯಾಗಿ ಕಾಲೇಜು ಸೇರಬೇಡಿ. ಈಗಾಗಲೇ ಆದ ನೋಂದಣಿ ಅದರಿಂದ ಬಿದ್ದುಹೋಗುವುದಿಲ್ಲ.

ಕಾಲೇಜು ಆರಿಸುವಾಗ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ, ರಾಜ್ಯ ಪರಿಷತ್ತಿನ ಮಾನ್ಯತೆ ಎರಡನ್ನೂ ನೋಡಿ. ಹೊರರಾಜ್ಯ, ವಿದೇಶದ ಆಸೆ ಇದ್ದರೆ ನೀವು ಸೇರುವ ವರ್ಷಕ್ಕೆ ಭಾರತೀಯ ಪರಿಷತ್ತಿನ ಪಟ್ಟಿಯಲ್ಲೂ ಕಾಲೇಜಿನ ಹೆಸರಿದೆಯೇ ಎಂದು ಖಚಿತ ಮಾಡಿಕೊಳ್ಳಿ. 2017ರ ಸುಮಾರಿಗೆ ಮಾನ್ಯತೆ ಕೊಡುವ ಅಧಿಕಾರ ಯಾರದು ಎಂಬ ವ್ಯಾಜ್ಯದಲ್ಲಿ ಕರ್ನಾಟಕದ ಕಾಲೇಜುಗಳ ಹೆಸರು ಆ ಪಟ್ಟಿಯಿಂದ ಬಿಟ್ಟುಹೋಗಿ, ಮುಖ್ಯವಾಗಿ ಕೇರಳದಿಂದ ಬಂದು ಓದುತ್ತಿದ್ದವರು ಪೇಚಾಡಿದ್ದರು. ವಾರಕ್ಕೊಮ್ಮೆ ಬಂದರೆ ಸಾಕು, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ ಎನ್ನುವ ಕಾಲೇಜಿನ ಹತ್ತಿರವೂ ಸುಳಿಯಬೇಡಿ.

ಸರ್ಕಾರಿ ಕೆಲಸ: ಕಾಯಂ, ಗುತ್ತಿಗೆ, ನಡುವಿನದು

ರಾಜ್ಯದ 7ನೇ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು, ಸರ್ಕಾರಿ ನೌಕರರ ಅತಿ ಕಡಿಮೆ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿತು. ಶುಶ್ರೂಷಾಧಿಕಾರಿಯ ಶ್ರೇಣಿ ಅದಕ್ಕಿಂತ ಸಾಕಷ್ಟು ಮೇಲಿದೆ. ಹಾಗಾಗಿಯೇ ಒಂದು ಹುದ್ದೆಗೆ ಅಷ್ಟೊಂದು ಅರ್ಜಿ. ಆರೋಗ್ಯ ಇಲಾಖೆಯ ಕಾಯಂ ನೇಮಕಾತಿ ಪ್ರತಿ ವರ್ಷ ಬರುವಂಥದ್ದಲ್ಲ. ಅದೊಂದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಹಿಮ್ಸ್, ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ತಮ್ಮ ನೇಮಕವನ್ನು ತಾವೇ ಮಾಡಿಕೊಳ್ಳುವ ಸಂಸ್ಥೆಗಳು. ಅವುಗಳ ಜಾಲತಾಣ ಬೇರೆ ಬೇರೆಯಾಗಿ ನೋಡಬೇಕು.

ಅರ್ಜಿ ಕರೆದ ಮೇಲೆ ಓಡಾಡಿದರೆ ಸಿಗದ ಕಾಗದ ಎರಡು: ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇನ್ನೊಂದು. ಜಾವಗಲ್, ಹಳೇಬೀಡು, ಗಂಡಸಿ ಕಡೆಯ ಶಾಲೆಗಳಲ್ಲಿ ಓದಿದವರಲ್ಲಿ ಅನೇಕರಿಗೆ ಎರಡೂ ಮೀಸಲಾತಿ ಸಲ್ಲುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಮೊದಲೇ ಮಾಡಿಸಿಡಿ.

ಅರಸೀಕೆರೆಯವರು ರೈಲ್ವೆಯನ್ನು ಮರೆಯುವುದು ನನಗೆ ಸೋಜಿಗ. ಊರೇ ಜಂಕ್ಷನ್. ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಯೂ ಕೇಂದ್ರದ 7ನೇ ಹಂತದ್ದು, ಮೂಲ ವೇತನ 44,900; ಜಿಎನ್‌ಎಂ ಆದವರೂ ಅರ್ಹರು; ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮೈಸೂರು, ಹುಬ್ಬಳ್ಳಿಯಲ್ಲಿ ರೈಲ್ವೆ ಆಸ್ಪತ್ರೆಗಳಿವೆ. ಗಂಡುಮಕ್ಕಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ನಾರ್ಸೆಟ್‌ನಲ್ಲಿ ಶೇ 80 ಹುದ್ದೆ ಹೆಣ್ಣುಮಕ್ಕಳಿಗೆ ಮೀಸಲು.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ ತುಂಬುತ್ತದೆ. ಇವುಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ಬಿ.ಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬೇಕು. ಜೊತೆಗೆ ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ, ಅದು ಹೊಸ ಬಿ.ಎಸ್ಸಿ ಪಠ್ಯದಲ್ಲೇ ಸೇರಿದೆ. ಹಳ್ಳಿಯ ಆರೋಗ್ಯ ಮಂದಿರದಲ್ಲಿ ಹಗಲು ಕೆಲಸ, ರಾತ್ರಿ ಪಾಳಿ ಇಲ್ಲ. ಸಂಬಳ ಎರಡು ಭಾಗ: ಒಂದು ನಿಗದಿತ, ಇನ್ನೊಂದು ಕೆಲಸದ ಗುರಿ ಮುಟ್ಟಿದಷ್ಟಕ್ಕೆ. ಎರಡನೆಯದನ್ನು ನಂಬಿ ಸಾಲದ ಕಂತು ಇಟ್ಟುಕೊಳ್ಳಬೇಡಿ.

'ಹೊರಗುತ್ತಿಗೆ' ಬೇರೆ, 'ಗುತ್ತಿಗೆ' ಬೇರೆ. ಹೊರಗುತ್ತಿಗೆಯಲ್ಲಿ ನಿಮ್ಮ ಮಾಲೀಕ ಆಸ್ಪತ್ರೆಯಲ್ಲ, ಏಜೆನ್ಸಿ. ಪಿಎಫ್ ನಿಜಕ್ಕೂ ಕಟ್ಟುತ್ತಿದ್ದಾರೆಯೇ ಎಂದು ಎರಡು ತಿಂಗಳಿಗೊಮ್ಮೆ ನಿಮ್ಮ ಯುಎಎನ್ ಪಾಸ್‌ಬುಕ್ ತೆರೆದು ನೋಡಿ.

ವಿದೇಶದ ಮಾತು

ಜರ್ಮನಿಗೆ ಮೂರು ವರ್ಷದ ಜಿಎನ್‌ಎಂ ಇದ್ದವರೂ ಅರ್ಜಿ ಹಾಕಬಹುದು, ಆದ್ದರಿಂದ ಅಲ್ಲಿಗೆಂದು ಪೋಸ್ಟ್ ಬೇಸಿಕ್ ಮಾಡುವ ಅಗತ್ಯವಿಲ್ಲ. ಅಲ್ಲಿ ಅಡ್ಡ ನಿಲ್ಲುವುದು ಪದವಿಯಲ್ಲ, ಭಾಷೆ. ದಾದಿಯಾಗಿ ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ. ಶುರುವಿನಿಂದ ಕಲಿಯುವವರಿಗೆ ಅದು ಒಂದು ವರ್ಷದ ಗಟ್ಟಿ ಓದು, ಡ್ಯೂಟಿ ಮಾಡಿಕೊಂಡು ಕಲಿಯುವುದಾದರೆ ಇನ್ನೂ ಹೆಚ್ಚು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಪಾಠವೂ ಪರೀಕ್ಷೆಯೂ ಇವೆ. ಬ್ರಿಟನ್ನಿಗೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳ್ಮೆ, ಮಾತಿಗೆ 7, ಬರವಣಿಗೆಗೆ 6.5 ಬೇಕು, ಆಮೇಲೆ ಅಲ್ಲಿನ ಪರಿಷತ್ತಿನ ಎರಡು ಪರೀಕ್ಷೆ. 2024ರಿಂದೀಚೆಗೆ ಅಲ್ಲಿನ ನೇಮಕ ತಗ್ಗಿದೆ. ಗಲ್ಫಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ.

ಹಣದ ವಿಚಾರದಲ್ಲಿ ಒಂದು ಅಂಕಿ ನೆನಪಿರಲಿ. ನೋಂದಾಯಿತ ಏಜೆಂಟರು ಕೆಲಸಕ್ಕೆ ಹೋಗುವವರಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜಿಎಸ್‌ಟಿ ಬೇರೆ. ಲಕ್ಷಗಟ್ಟಲೆ ಕೇಳುವವರು ಕಾನೂನು ಮೀರಿದ್ದಾರೆ. ಏಜೆಂಟರ ಪರವಾನಗಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ಗಲ್ಫ್ ಸೇರಿದಂತೆ 18 ದೇಶಗಳಿಗೆ ದಾದಿಯರ ನೇಮಕವನ್ನು 2015ರಿಂದ ಸರ್ಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕೆಂದು ಕೇಂದ್ರ ಬಿಗಿ ಮಾಡಿತು; ನಮ್ಮಲ್ಲಿ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ. ಸಂದರ್ಶಕ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಳ್ಳೋಣ ಎನ್ನುವವರ ಜೊತೆ ಎರಡನೇ ಸಲ ಮಾತಾಡುವ ಅಗತ್ಯವಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೂಲ ಪ್ರಮಾಣಪತ್ರ ಒತ್ತೆ ಇಡುವುದು. ಸೇರುವ ದಿನ 'ಒರಿಜಿನಲ್ ಇಲ್ಲೇ ಇರಲಿ' ಎಂದರೆ ದಾಖಲೆ ಪರಿಶೀಲಿಸಿ ಕೈಗೇ ಕೊಡಿ ಎನ್ನಿ. ದಾದಿಯರನ್ನು ಹೀಗೆ ಕಟ್ಟಿಹಾಕುವ ಪದ್ಧತಿಯನ್ನು ಭಾರತೀಯ ಪರಿಷತ್ತೇ ಒಪ್ಪುವುದಿಲ್ಲ. ಬಾಂಡ್ ಬರೆಸಿಕೊಂಡರೆ ಅವಧಿ ಎಷ್ಟು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿ, ಪ್ರತಿ ಇಟ್ಟುಕೊಂಡು ಸಹಿ ಹಾಕಿ.

ಅನುಭವ ಪತ್ರದಲ್ಲಿ 'ಚೆನ್ನಾಗಿ ಕೆಲಸ ಮಾಡಿದ್ದಾರೆ' ಎಂದಷ್ಟೇ ಬರೆಸಿಕೊಳ್ಳುವುದು. ಹೊಗಳಿಕೆ ಯಾರಿಗೂ ಬೇಡ. ಸೇರಿದ ಮತ್ತು ಬಿಟ್ಟ ತಾರೀಕು, ಹುದ್ದೆ, ವಿಭಾಗ, ಪೂರ್ಣಾವಧಿಯೇ ಎಂಬುದು, ಆಸ್ಪತ್ರೆಯ ಹಾಸಿಗೆ ಸಂಖ್ಯೆ, ನೋಂದಣಿ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಇಮೇಲ್ ಇರಬೇಕು. ಸಂಬಳವನ್ನು ನಗದಾಗಿ ತೆಗೆದುಕೊಂಡಿದ್ದರೆ ಆ ಅನುಭವವನ್ನು ಸಾಬೀತು ಮಾಡುವುದು ಕಷ್ಟ; ಬ್ಯಾಂಕಿಗೇ ಹಾಕಿಸಿಕೊಳ್ಳಿ.

ಹೆರಿಗೆಯ ಮುಂಚೆ ಲೆಕ್ಕವಿಲ್ಲದೆ ಕೆಲಸ ಬದಲಿಸುವುದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಳೆದುಕೊಳ್ಳುವುದು ಆರು ತಿಂಗಳ ಸಂಬಳ. ಹೆರಿಗೆ ಸೌಲಭ್ಯದ ಕಾನೂನಿನಡಿ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದಕ್ಕೆ ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳ 21,000ದೊಳಗಿದ್ದು ಇಎಸ್‌ಐ ಇರುವವರಿಗೆ ಆ ಸೌಲಭ್ಯ ಇಎಸ್‌ಐ ಮೂಲಕ ಬರುತ್ತದೆ, ವಿಮಾ ಸಂಖ್ಯೆ ಒಂದೇ ಆದ್ದರಿಂದ ಹಿಂದಿನ ಆಸ್ಪತ್ರೆಯಲ್ಲಿ ಕಟ್ಟಿದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಹೊಸ ಕಡೆ ಮತ್ತೊಂದು ಇಎಸ್‌ಐ ಸಂಖ್ಯೆ ಮಾಡಿಸಿಬಿಟ್ಟರೆ ಆ ದಿನಗಳು ಕೈತಪ್ಪುತ್ತವೆ.

ಐದು ವರ್ಷ ತುಂಬಲು ಕೆಲವೇ ವಾರ ಇರುವಾಗ ರಾಜೀನಾಮೆ ಕೊಡುವುದು. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ತುಂಬಿದವರಿಗೆ, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ.

ನೋಂದಣಿ ನವೀಕರಣ ಮರೆಯುವುದು. ಐದು ವರ್ಷಕ್ಕೊಮ್ಮೆ ರಾಜ್ಯ ಪರಿಷತ್ತಿನಲ್ಲಿ ನವೀಕರಿಸಬೇಕು, ನಡುವೆ ಹೋದ ತರಬೇತಿ, ಕಾರ್ಯಾಗಾರಗಳ ಪ್ರಮಾಣಪತ್ರ ಜೋಪಾನವಾಗಿಡಿ. ಕೇಂದ್ರದ ಪರೀಕ್ಷೆ, ಹೊರರಾಜ್ಯದ ಕೆಲಸಕ್ಕೆ ರಾಷ್ಟ್ರೀಯ ನೋಂದಣಿ ಸಂಖ್ಯೆಯಾದ ಎನ್‌ಯುಐಡಿಯನ್ನೂ ಮಾಡಿಸಿಕೊಂಡಿರುವುದು ಒಳ್ಳೆಯದು. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಎಸ್ಸೆಸ್ಸೆಲ್ಸಿ, ಆಧಾರ್, ಪರಿಷತ್ತಿನ ದಾಖಲೆ, ಪಾಸ್‌ಪೋರ್ಟ್ ನಾಲ್ಕರಲ್ಲೂ ಒಂದೇ ರೀತಿ ಇದೆಯೇ ನೋಡಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಕಡತ ನಿಂತದ್ದುಂಟು.

ಕೆಲಸ ಬಿಟ್ಟ ತಕ್ಷಣ ಪಿಎಫ್ ತೆಗೆದುಬಿಡುವುದು. ಒಟ್ಟು ಸೇವೆ ಹತ್ತು ವರ್ಷ ತುಂಬಿದವರಿಗೆ 58ರ ಮೇಲೆ ತಿಂಗಳ ಪಿಂಚಣಿ ಇದೆ. ಅರಸೀಕೆರೆಯಲ್ಲಿ ಮೂರು, ಹಾಸನದಲ್ಲಿ ನಾಲ್ಕು, ಬೆಂಗಳೂರಿನಲ್ಲಿ ಮೂರು ವರ್ಷ ದುಡಿದಿದ್ದರೂ ಒಂದೇ ಯುಎಎನ್‌ಗೆ ವರ್ಗಾಯಿಸಿಕೊಂಡಿದ್ದರೆ ಅದು ಹತ್ತು ವರ್ಷವೇ. ಹೊಸ ಕಡೆ ಸೇರುವ ದಿನ ಹಳೆಯ ಯುಎಎನ್ ಸಂಖ್ಯೆಯನ್ನೇ ಬರೆಸಿ, ಹಳೆಯ ಆಸ್ಪತ್ರೆಯವರು ನೀವು ಕೆಲಸ ಬಿಟ್ಟ ತಾರೀಕನ್ನು ಪಿಎಫ್ ತಾಣದಲ್ಲಿ ನಮೂದಿಸಿದ್ದಾರೆಯೇ ಎಂದು ಒಂದು ತಿಂಗಳೊಳಗೆ ನೋಡಿಕೊಳ್ಳಿ.